ಬುಕ್ ಬ್ಲಾಗು, ಶಾಲೆ, ಮನೆ... ಮೂರನ್ನೂ ಹೆಂಗೆ ತೂಗಿಸ್ತೀರಿ?

ಕಾಳಿ_ದಂಡೆ (ಕಾರವಾರ)

ನಮಸ್ಕಾರ ಎಲ್ರಿಗೂ. ಇಲ್ಲಿ ಪುಸ್ತಕದ ಬಗ್ಗೆ ಬರೆಯೋರು ಸುಮಾರು ಜನ ಇದ್ದೀರಿ, ಅದಕ್ಕೇ ಕೇಳ್ತಾ ಇದ್ದೇನೆ. ನಾನು ಸರ್ಕಾರಿ ಹೈಸ್ಕೂಲಲ್ಲಿ ಕನ್ನಡ ಕಲಿಸೂದು, ಗಂಡಂಗೆ ಕೈಗಾದಲ್ಲಿ ಶಿಫ್ಟ್ ಡ್ಯೂಟಿ, ಮಗ ನಾಲ್ಕನೇ ಕ್ಲಾಸು, ಅತ್ತೆ ನಮ್ಮ ಜೊತೆಗೇ ಇದ್ದಾರೆ. ಲಾಕ್‌ಡೌನ್ ಟೈಮಲ್ಲಿ ಓದಿದ್ದು ಮರೆತುಹೋಗಬಾರ್ದು ಅಂತ ಸುಮ್ನೆ ಶುರು ಮಾಡಿದ ಬ್ಲಾಗು, ಆಮೇಲೆ ಅದಕ್ಕೊಂದು ಇನ್‌ಸ್ಟಾಗ್ರಾಂ ಪೇಜ್ ಆಯ್ತು, ಆಮೇಲೆ ಹೊಸ ಲೇಖಕರು ಪ್ರಕಾಶಕರು ಅಡ್ರೆಸ್ ಕೇಳಿ ಕೇಳಿ ಪುಸ್ತಕ ಕಳಿಸೂಕೆ ಶುರು ಮಾಡಿದ್ರು, ಮೊದಮೊದಲು ಪೋಸ್ಟ್‌ಮ್ಯಾನ್ ಬಂದ್ರೆ ಹಬ್ಬ ಆದಷ್ಟು ಖುಷಿ, ಈಗ ಪಾರ್ಸೆಲ್ ನೋಡಿದ್ರೆ ಎದೆ ಧಸಕ್ ಅಂತದೆ. ಯಾಕಂದ್ರೆ ವಾರ ಕಳೆಯೂದ್ರೊಳಗೆ ವಾಟ್ಸಾಪಲ್ಲಿ "ಮೇಡಂ ಓದಿ ಆಯ್ತಾ, ಯಾವಾಗ ಹಾಕ್ತೀರಿ" ಅಂತ ಬಂತೇ.

ಶಾಲೇಲಿ ಏನು ಕಮ್ಮಿ ಕೆಲಸ ಅಂದ್ಕೊಂಡ್ರಾ. ಎಸ್‌ಎಸ್‌ಎಲ್‌ಸಿ ಮಕ್ಕಳ ವಿಶೇಷ ತರಗತಿ, ಮಕ್ಕಳ ವಿವರ ಆನ್‌ಲೈನಲ್ಲಿ ತುಂಬೂ ಎಸ್‌ಎಟಿಎಸ್ ಎಂಟ್ರಿ, ಬಿಸಿಯೂಟದ ಲೆಕ್ಕ, ಪೇಪರ್ ತಿದ್ದೂದು, ಒಂದು ದಸರಾ ರಜೆಯಂತೂ ಪೂರ್ತಿ ಸಮೀಕ್ಷೆ ಡ್ಯೂಟಿಗೇ ಹೋಯ್ತು. ರಾತ್ರಿ ಹಾಲಿಗೆ ಹೆಪ್ಪು ಹಾಕಿ ಅಡಿಗೆಕಟ್ಟೆ ಒರೆಸಿ ಅಲ್ಲೇ ಅಕ್ಕಿ ಡಬ್ಬಕ್ಕೆ ಮೊಬೈಲ್ ಆನಿಸಿಟ್ಟು ನಿಂತ್ಕೊಂಡೇ ಟೈಪ್ ಮಾಡ್ತೇನೆ, ಕೂತ್ರೆ ನಿದ್ದೆ ಬರ್ತದೆ. ಅಷ್ಟೊತ್ತಿಗೆ ಮಗ "ಅಮ್ಮಾ ನಾಳೆ ಚಾರ್ಟ್ ತಕ್ಕೊಂಡು ಹೋಗ್ಬೇಕು" ಅಂತ ಬರ್ತಾನೆ, ಅಂಗಡಿ ಮುಚ್ಚಿದ ಮೇಲೇ ಅವಂಗೆ ನೆನಪಾಗೂದು.

ಗಂಡ ಬೇಡ ಅಂದವರಲ್ಲ, ಆದ್ರೆ ಮೊನ್ನೆ "ನೀ ಈಗ ಎರಡು ಕಡೆ ಕೆಲ್ಸಕ್ಕೆ ಹೋಗೂ ಹಾಗೆ ಆಯ್ತಲ್ಲ, ಒಂದು ಕಡೆ ಸಂಬಳನೂ ಇಲ್ಲ" ಅಂದ್ರು. ಸಿಟ್ಟು ಬಂತು, ಆದ್ರೆ ಸುಳ್ಳು ಅಂತ ಹೇಳೂಕೂ ಆಗ್ಲಿಲ್ಲ. ನಂಗೆ ಬೇಕು ಅನಿಸಿದ ಪುಸ್ತಕ ಓದಿ ಎಷ್ಟು ಕಾಲ ಆಯ್ತೋ. ಬ್ಲಾಗ್ ಮುಚ್ಚೂದಾ, ಇಲ್ಲಾ ಏನಾದ್ರೂ ದಾರಿ ಉಂಟಾ? ನೀವೆಲ್ಲ ಹೆಂಗೆ ಮಾಡ್ತೀರಿ ಹೇಳಿ.

ತೋಟದಮನೆ (ಶಿರಸಿ)

ಅಕ್ಕೋರೆ, ಮುಚ್ಚೂದೆಲ್ಲ ಬೇಡ. ನಾನು ಅಡಿಕೆ ತೋಟದವ, ಸಂಜೆ ಹೊತ್ತು ಒಂದು ಸೊಸೈಟಿ ಲೆಕ್ಕಾನೂ ಬರೀತೆ. ನಂದೂ ಒಂದು ಸಣ್ಣ ಬ್ಲಾಗ್ ಇದ್ದು, ಓದೋರು ಬೆರಳೆಣಿಕೆ ಜನ, ತೊಂದ್ರೆ ಇಲ್ಲ.

ನಮ್ಮಲ್ಲಿ ವರ್ಷಕ್ಕೊಂದು ಲೆಕ್ಕ ಇದ್ದೇ ಇದ್ದು. ಕೊನೆಕೊಯ್ಲು ಶುರುವಾದ್ರೆ ಮುಗೀತು, ಕೊಯ್ಸೂದು, ಸುಲಿಸೂದು, ಬೇಯ್ಸೂದು, ಒಣಗ್ಸೂದು, ಸಾಯಂಕಾಲ ಮೋಡ ಕಂಡ್ರೆ ಅಂಗಳದಿಂದ ಎಲ್ಲಾ ಒಳಗೆ ಎಳೆಯೂದು. ಆ ನಾಕು ತಿಂಗಳು ನಾನು ಬ್ಲಾಗ್ ಕಡೆ ತಲೆ ಹಾಕಿ ಮಲಗೂದಿಲ್ಲ, ಮೇಲ್ಗಡೆ "ಕೊಯ್ಲು ನಡೀತಾ ಇದ್ದು, ಮಳೆಗಾಲಕ್ಕೆ ಸಿಗ್ವ" ಅಂತ ಒಂದು ಸಾಲು ಹಾಕಿಬಿಡ್ತೆ. ಒಂದು ವರ್ಷ ಕೊಯ್ಲಿನ ಮಧ್ಯೆ ಪುಸ್ತಕ ಹಿಡ್ಕಂಡು ಕೂತಿದ್ದಕ್ಕೆ ಆಯಿ ಹೇಳಿದ್ಳು, "ತಮಾ, ಪುಸ್ತಕ ಎಲ್ಲೂ ಓಡಿಹೋಗ್ತಿಲ್ಲೆ, ಅಡಕೆ ಹಾಳಾಗ್ತು." ಅದಕ್ಕೆ ಎದುರು ಮಾತಿಲ್ಲೆ.

ಜೂನ್ ಆದ್ಮೇಲೆ ನಮಗೆ ಬೇರೆ ಲೋಕ. ಮಧ್ಯೆ ಅಡಿಕೆಗೆ ಕೊಳೆರೋಗದ ಮದ್ದು ಹೊಡೆಯೂದು ಇರ್ತು ಹೌದು, ಆದ್ರೆ ಮಳೆ ಹಿಡಿದ್ರೆ ಮದ್ದೂ ಇಲ್ಲ ಏನೂ ಇಲ್ಲ, ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ, ಓದೂದೊಂದೇ. ಆಗ ಪಟ್ಟಾಗಿ ಓದಿ ನೋಟ್‌ಬುಕ್ಕಲ್ಲಿ ಬರೆದಿಟ್ಟು, ನೆಟ್‌ವರ್ಕ್ ಸಿಕ್ಕ ದಿನ ಮೂರ್ನಾಲ್ಕು ಪೋಸ್ಟ್ ಒಟ್ಟಿಗೇ ಟೈಪ್ ಮಾಡಿ ಶೆಡ್ಯೂಲ್ ಹಾಕಿಡ್ತೆ. ಬ್ಲಾಗರ್‌ಲ್ಲೂ ವರ್ಡ್‌ಪ್ರೆಸ್‌ಲ್ಲೂ ತಾರೀಕು ಕೊಟ್ಟಿಟ್ರೆ ತಾನಾಗೇ ಪಬ್ಲಿಷ್ ಆಗ್ತು. ನಿಮಗೂ ಶಾಲೆ ವರ್ಷಕ್ಕೆ ಒಂದು ಏರಿಳಿತ ಇರ್ತಲ್ಲ, ಜನವರಿಯಿಂದ ಪರೀಕ್ಷೆ ಮುಗಿಯೂವರೆಗೆ ಬಾಗಿಲು ಹಾಕಿ. ವಾರಕ್ಕೊಂದು ಪೋಸ್ಟ್ ಹಾಕ್ಲೇಬೇಕು ಅಂತ ಕಾನೂನು ಯಾರು ಮಾಡಿದ್ದು?

ನಮ್ಮ ಜಿಲ್ಲೆಯವರನ್ನೇ ನೋಡಿ. ಹನೇಹಳ್ಳಿಯ ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಕಂಪನಿ ಕೆಲಸ ಮಾಡ್ತಾನೇ ಅಷ್ಟು ದೊಡ್ಡ ಕಾದಂಬರಿ ಬರೆದ್ರು, ಗೌರೀಶ ಕಾಯ್ಕಿಣಿಯವರು ಗೋಕರ್ಣದಲ್ಲಿ ಮಾಸ್ತರಕಿ ಮಾಡ್ತಾನೇ ಓದಿ ಬರೆದು ಮಾಡಿದ್ರು. ಕೆಲಸ ಬಿಟ್ಟು ಬರೆದವರಲ್ಲ.

ಅಂಕೋಲೆಯವಳು

ತೋಟದಮನೆಯವ್ರು ಹೇಳಿದ್ದು ಸರಿ ಇದೆ, ಆದ್ರೆ ಅಡಿಕೆಗೆ ಸೀಸನ್ ಉಂಟು, ಅಡಿಗೆಗೆ ಸೀಸನ್ ಇಲ್ಲ ಅಣ್ಣಾ. ಮಳೆಗಾಲದಲ್ಲಿ ನೀವು ಓದ್ತಾ ಕೂತಾಗ ಚಾ ಯಾರು ಮಾಡಿ ತಂದು ಕೊಡ್ತಾರೆ ಅಂತಾನೂ ಬರೀರಿ ಒಮ್ಮೆ. 😄 ಜೋರು ಮಳೆ ಅಂತ ಜಿಲ್ಲಾಧಿಕಾರಿ ರಜೆ ಕೊಟ್ರೆ ನಿಮ್ಗೆ ಓದೂ ದಿನ, ನಮ್ಗೆ ಮಕ್ಕಳೆಲ್ಲ ಮನೇಲಿ ಇರೂ ದಿನ, ಬಟ್ಟೆ ಒಣಗೂದಿಲ್ಲ, ಗಂಟೆಗೊಂದ್ಸಲ ಹಸಿವು ಅಂತಾರೆ. ದೊಡ್ಡ ಬರಹಗಾರರ ಉದಾಹರಣೆ ಕೊಡೂದು ಸುಲಭ, ಆ ಕಾಲದ ಮನೆಗಳಲ್ಲಿ ಒಲೆ ಯಾರ ಪಾಲಿಗೆ ಬಿದ್ದಿತ್ತು ಅಂತ ಎಲ್ರಿಗೂ ಗೊತ್ತು.

ಅಕ್ಕಾ, ನಾ ಟೈಲರಿಂಗ್ ಮಾಡ್ತೆ, ಮನೇಲಿ ಅತ್ತೆ ಮಾವ ಇಬ್ರು ಮಕ್ಕಳು. ನಾ ಮಾಡಿದ್ದು ಎರಡೇ. ಒಂದು, ಬುಧವಾರ ರಾತ್ರಿ ಊಟ ಆದ್ಮೇಲೆ ಅಡಿಗೆಮನೆ ನಂದಲ್ಲ ಅಂತ ಮನೇಲಿ ಎಲ್ರ ಎದ್ರಿಗೆ ಹೇಳ್ದೆ. ಪಾತ್ರೆ ಗಂಡ ತೊಳೀತಾರೆ, ಮೊದಲು ಬಾಣಲೆ ತಳದಲ್ಲಿ ಬಂಗಡೆ ಸಾರಿನ ಎಣ್ಣೆ ಹಾಗೇ ಇರ್ತಿತ್ತು, ನಾ ಬಾಯಿ ಬಿಡ್ಲಿಲ್ಲ, ಮರುದಿನ ಅದರಲ್ಲೇ ಹಾಲು ಕಾಸಿ ಅವ್ರಿಗೇ ಚಾ ಮಾಡಿ ಕೊಟ್ಟೆ. ಆಮೇಲೆ ಚಲೋ ತೊಳೀತಾರೆ. ಎರಡು, ಮೀನು ಸ್ವಚ್ಛ ಮಾಡೂವಾಗ, ಕಾಜಾ ಹೊಲಿಯೂವಾಗ ಆಡಿಯೋ ಬುಕ್ ಕೇಳ್ತೆ. ಕೈ ಖಾಲಿ ಇಲ್ದಿದ್ರೂ ಕಿವಿ ಖಾಲಿ ಇರ್ತದಲ್ಲ. ಬರೆಯೂದಕ್ಕೂ ಅಷ್ಟೇ, ಫೋನಿನ ಕೀಬೋರ್ಡಲ್ಲಿ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿದ್ರೆ ಅದೇ ಟೈಪ್ ಮಾಡ್ತದೆ, ನಮ್ಮ ಕಡೆ ಮಾತು ಅದಕ್ಕೆ ಅರ್ಧಂಬರ್ಧ ಅರ್ಥ ಆಗೂದು, ತಿದ್ಕೊಂಡ್ರೆ ಆಯ್ತು.

ಆದ್ರೆ ನಿಮ್ಮ ತೊಂದ್ರೆ ಟೈಮಿಂದಲ್ಲ ಅಂತ ನಂಗೆ ಕಾಣ್ತದೆ. ಬೇರೆಯವರ ಪುಸ್ತಕ ಒಪ್ಕೊಂಡು ಒಪ್ಕೊಂಡು ಸಾಲ ಮಾಡ್ಕೊಂಡು ಕೂತಿದ್ದೀರಿ. ಪುಕ್ಕಟೆ ಪುಸ್ತಕ ತಕ್ಕೊಳ್ಳೂದು ಬಿಡಿ, ಅರ್ಧ ಭಾರ ಇಳೀತದೆ.

ಬುಕ್‌ವರ್ಮ್_ಹೊನ್ನಾವರ

ಮೇಡಂ ಬ್ಲಾಗ್ ಎಲ್ಲ ಯಾರೂ ಓದಲ್ಲ ಈಗ, ರೀಲ್ಸ್ ಮಾಡಿ. 30 ಸೆಕೆಂಡ್, ಕವರ್ ತೋರ್ಸಿ, ಹಿಂದೆ ಸಮುದ್ರ, ಮುಗೀತು. ಓದೋದೂ ಬೇಡ ಪೂರ್ತಿ, ಹಿಂದಿನ ಪುಟ ಸಾಕು. ಗುಡ್‌ರೀಡ್ಸ್ ಸೈಟಿನ ಓದೋ ಚಾಲೆಂಜ್‌ಲ್ಲಿ 100 ಪುಸ್ತಕ ಹಾಕ್ಕೊಂಡಿದೀನಿ ಈ ವರ್ಷ.

ಡೆಬಿಟ್_ಕ್ರೆಡಿಟ್ (ಕುಮಟಾ)

ಹೊನ್ನಾವರದ ತಮ್ಮಾ, ಬೆನ್ನುಡಿ ಓದಿ ವಿಮರ್ಶೆ ಮಾಡಿದ್ರೆ ಅದಕ್ಕೆ ಬೇರೆ ಹೆಸರುಂಟು, ಅದನ್ನು ಇಲ್ಲಿ ಬೇಡ.

ಅಕ್ಕೋರೆ, ಯಾರೂ ಹೇಳದ ಒಂದು ವಿಷ್ಯ ಹೇಳ್ತೇನೆ, ನಾನು ಲೆಕ್ಕಪತ್ರ ನೋಡೂವವ. ನೀವು ಸರ್ಕಾರಿ ನೌಕರರು. ಓದಿದ ಪುಸ್ತಕದ ಬಗ್ಗೆ ಇಷ್ಟಪಟ್ಟು ಬರೆಯೂದು ಬೇರೆ, ಅದರಿಂದ ದುಡ್ಡು ಬರೂದು ಬೇರೆ. ರಾಜ್ಯದ ನೌಕರರಿಗೆ 2021ರ ನಡತೆ ನಿಯಮಗಳು ಉಂಟು, ಅನುಮತಿ ಇಲ್ಲದೆ ವ್ಯಾಪಾರ ವ್ಯವಹಾರ ಮಾಡೂಕೆ ಬರೂದಿಲ್ಲ, ಸರ್ಕಾರದ ನೀತಿ ಟೀಕೆ ಮಾಡೂಕೂ ಬರೂದಿಲ್ಲ. ಹಾಗಾಗಿ ಪೋಸ್ಟಿನ ಕೆಳಗೆ ಕಮಿಷನ್ ಬರೂ ಲಿಂಕ್ ಹಾಕೂ ಮೊದ್ಲು, ದುಡ್ಡು ತಕ್ಕೊಂಡು ರಿವ್ಯೂ ಬರೆಯೂ ಮೊದ್ಲು ಹೆಡ್‌ಮಾಸ್ತರ ಹತ್ರ ಕೇಳಿ, ಬರವಣಿಗೇಲಿ ಅನುಮತಿ ತಕ್ಕೊಳ್ಳಿ. ರಾಜಕೀಯ ಪುಸ್ತಕದ ಬಗ್ಗೆ ಬರೆಯೂವಾಗಲೂ ಸ್ವಲ್ಪ ನೋಡ್ಕೊಂಡು.

ಇನ್ನು ಪುಕ್ಕಟೆ ಪುಸ್ತಕ. ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ ಮಾಡಿದ ಮಾರ್ಗಸೂಚಿ ಪ್ರಕಾರ ಪ್ರಚಾರಕ್ಕೆ ಅಂತ ಉಚಿತವಾಗಿ ಬಂದ ವಸ್ತು ಬಗ್ಗೆ ಪೋಸ್ಟ್ ಹಾಕಿದ್ರೆ ಅದನ್ನ ಓದುಗರಿಗೆ ಕಾಣೂ ಹಾಗೆ ಹೇಳ್ಬೇಕು. "ಈ ಪ್ರತಿ ಪ್ರಕಾಶಕರು ಕಳಿಸಿದ್ದು" ಅಂತ ಶುರುವಲ್ಲೇ ಒಂದು ಸಾಲು ಹಾಕಿ. ಟ್ಯಾಕ್ಸ್ ವಿಚಾರ ಯಾರೋ ಕೇಳ್ತಾರೆ ಅಂತ ಈಗಲೇ ಹೇಳಿಬಿಡ್ತೇನೆ, 2022ರ ಜುಲೈಯಿಂದ ಇಂಥ ಉಡುಗೊರೆ ಸವಲತ್ತಿಗೂ 10% ಟಿಡಿಎಸ್ (ಕೊಡೂವವರೇ ಮೊದಲೇ ಹಿಡಿದು ಕಟ್ಟೂ ತೆರಿಗೆ) ಬಂತು, ಆದ್ರೆ ಒಬ್ಬರಿಂದಲೇ ವರ್ಷಕ್ಕೆ 20,000 ರೂಪಾಯಿ ಮೀರಿದ್ರೆ ಮಾತ್ರ. ಕನ್ನಡ ಪುಸ್ತಕದಲ್ಲಿ 20,000 ದಾಟೂಕೆ ಪ್ರಕಾಶಕರು ಗೋಡೌನೇ ಖಾಲಿ ಮಾಡಿ ಕಳಿಸ್ಬೇಕು, ಆರಾಮ್ ಇರಿ.

ಕಾಳಿ_ದಂಡೆ

ಎಲ್ರಿಗೂ ಥ್ಯಾಂಕ್ಸ್. ಅಂಕೋಲೆ ಅಕ್ಕಾ, ಸಾಲ ಅಂದ್ರಲ್ಲ, ಸರಿಯಾಗೇ ಹೇಳಿದ್ರಿ. ಆದ್ರೆ ಬಿಡೂದು ಹೆಂಗೆ? ಹೊಸ ಲೇಖಕರು ಕೈಯಿಂದ ದುಡ್ಡು ಹಾಕಿ ಪುಸ್ತಕ ಮಾಡಿಸಿರ್ತಾರೆ, ಹಳ್ಳಿ ಮೂಲೆಯವರು, ಪೇಪರಿನವರು ಅವರನ್ನ ಕೇಳೂದಿಲ್ಲ, ನಾವೂ ಬೇಡ ಅಂದ್ರೆ ಯಾರು ಓದ್ತಾರೆ? ಅದೊಂದು ಕುತ್ತಿಗೆಗೆ ಬಂದದೆ. ಅದ್ರಲ್ಲಿ ಕೆಲವು ಪುಸ್ತಕ ನಿಜವಾಗ್ಲೂ ಚೊಲೋ ಇರ್ತವೆ, ಕೆಲವು ಓದೂಕೆ ಆಗೂದಿಲ್ಲ, ಚೆನ್ನಾಗಿಲ್ಲ ಅಂತ ಬರೆದ್ರೆ ಮನಸ್ಸಿಗೆ ಹಚ್ಕೊಳ್ತಾರೆ, ಚೆನ್ನಾಗಿದೆ ಅಂತ ಬರೆದ್ರೆ ನನ್ನ ಶಾಲೆ ಮಕ್ಕಳ ಎದ್ರಿಗೆ ಕನ್ನಡ ಅಕ್ಕೋರು ಅಂತ ನಿಲ್ಲೂಕೆ ನಾಚಿಕೆ ಆಗ್ತದೆ.

ರೀಲ್ಸ್ ಮಾಡೂ ತಮ್ಮಂಗೆ: 100 ಪುಸ್ತಕದಲ್ಲಿ ಒಂದರ ಮಧ್ಯದ ಪುಟದಲ್ಲಿ ಏನಿತ್ತು ಹೇಳು ನೋಡೂಣ.

ಬುಕ್‌ವರ್ಮ್_ಹೊನ್ನಾವರ

😂 ಪಾಸ್ ಮೇಡಂ

ಶಿಫ್ಟ್_ಬಿ (ಮಲ್ಲಾಪುರ)

ನಾನೂ ಶಿಫ್ಟ್ ಡ್ಯೂಟಿಯವ, ಹಾಗಾಗಿ ನಿಮ್ಮ ಯಜಮಾನರ ಕಡೆಯಿಂದ ಸ್ವಲ್ಪ ಹೇಳ್ತೇನೆ, ಬೈಬೇಡಿ. ನೈಟ್ ಮುಗಿಸಿ ಬೆಳಿಗ್ಗೆ ಬಂದು ಮಲಗಿ ಸಂಜೆ ಏಳ್ತೇವೆ, ಮಾತಾಡೂಕೆ ಸಿಗೂದೇ ಒಂದು ಗಂಟೆ, ಆ ಒಂದು ಗಂಟೇಲಿ ಎದುರಿನವರು ಮೊಬೈಲ್ ನೋಡ್ತಾ ಇದ್ರೆ ಕಸಿವಿಸಿ ಆಗ್ತದೆ. ಪುಸ್ತಕದ ಮೇಲೆ ಸಿಟ್ಟಲ್ಲ ಅದು. "ಸಂಬಳ ಇಲ್ಲ" ಅಂತ ಬಾಯಿಗೆ ಬಂದದ್ದು ಅಷ್ಟೇ ಇರ್ಬಹುದು.

ನಮ್ಮಲ್ಲಿ ಏನು ಮಾಡ್ದೆವು ಅಂದ್ರೆ ಶಿಫ್ಟ್ ಚಾರ್ಟ್ ಮೊದಲೇ ಗೊತ್ತಿರ್ತದಲ್ಲ, ಅದನ್ನ ಫ್ರಿಡ್ಜಿಗೆ ಅಂಟಿಸಿ ಅದರ ಮೇಲೇ ಹೆಂಡತಿ ಹಸಿರು ಪೆನ್ನಲ್ಲಿ ಅವಳ ಟೈಮ್ ಗುರುತು ಹಾಕ್ತಾಳೆ (ಅವಳದ್ದು ಪುಸ್ತಕ ಅಲ್ಲ, ಸಂಗೀತ ಕ್ಲಾಸು). ನಂದು ನೈಟ್ ಇದ್ದ ವಾರ ರಾತ್ರಿ ಪೂರ್ತಿ ಅವಳದ್ದೇ, ಮಕ್ಕಳು ಮಲಗಿದ್ಮೇಲೆ ಕೇಳೂವವರಿಲ್ಲ. ನಂದು ಫಸ್ಟ್ ಶಿಫ್ಟ್ ಇದ್ದ ವಾರ ಮಧ್ಯಾಹ್ನ ನಾ ಮನೇಲಿ, ಮಕ್ಕಳ ಹೋಂವರ್ಕ್ ನಂದು, ಚಾರ್ಟ್ ಪೇಪರ್ ತರೂದು ನಂದು. ಆಫ್ ದಿನ ಇಬ್ರೂ ಏನೂ ಇಟ್ಕೊಳ್ಳೂದಿಲ್ಲ. ನೀವು ದಿನಾ ರಾತ್ರಿ ನಿಂತ್ಕೊಂಡು ಟೈಪ್ ಮಾಡೂ ಬದ್ಲು ಅವರ ನೈಟ್ ವಾರದಲ್ಲಿ ಮಾತ್ರ ಬರೀರಿ, ಕೂತ್ಕೊಂಡು.

ಅಂಕೋಲೆಯವಳು

ಹಸಿರು ಪೆನ್ನಿಂದು ಚಲೋ ಉಂಟು ಹಾ. ಆದ್ರೆ ಚಾರ್ಟ್ ಅವ್ರದ್ದು, ಉಳಿದ ಜಾಗ ನಿಮ್ದು ಅಂತ ಆಗಬಾರ್ದು. ಒಂದೊಂದು ವಾರ ಮೊದಲು ಹೆಂಡತಿ ಗುರುತು ಹಾಕ್ಲಿ, ಡ್ಯೂಟಿ ಬಿಟ್ಟು ಮಿಕ್ಕ ಟೈಮಲ್ಲಿ ಗಂಡ ತನ್ನ ವಾಲಿಬಾಲ್ ಹೊಂದಿಸ್ಕೊಳ್ಲಿ.

ತೋಟದಮನೆ (ಶಿರಸಿ)

ಅಂಕೋಲೆ ತಂಗಿ ಚಾ ಯಾರು ಮಾಡ್ತ ಅಂತ ಕೇಳಿದ್ದಕ್ಕೆ ಉತ್ತರ: ಮಧ್ಯಾಹ್ನದ್ದು ನಾನೇ, ಬೆಳಗಿನದ್ದು ಅವಳೇ. ಅರ್ಧ ಮಾರ್ಕು ಕೊಡು.

ಅಕ್ಕೋರೆ, ಹೊಸ ಲೇಖಕರಿಗೆ ಹೇಳೂದು ಕಷ್ಟ ಅಂದ್ರಲ್ಲ, ನಾನು ಬ್ಲಾಗಿನ ಸಂಪರ್ಕ ಪುಟದಲ್ಲೇ ಬರೆದಿಟ್ಟಿದ್ದೆ, ಬೇಕಾದ್ರೆ ಎತ್ಕೊಳ್ಳಿ: "ಪುಸ್ತಕ ಕಳಿಸುವ ಮೊದಲು ಹತ್ತು ಪುಟ ಪಿಡಿಎಫ್ ಕಳಿಸಿ. ಓದಬೇಕು ಅನಿಸಿದರೆ ನಾನೇ ಕೊಂಡು ಓದುತ್ತೇನೆ. ಬರೆಯುವ ಭರವಸೆ ಇಲ್ಲ, ತಾರೀಕಿನ ಭರವಸೆ ಮೊದಲೇ ಇಲ್ಲ." ಕೊಂಡು ಓದ್ತೆ ಅಂದ್ರೆ ಯಾರಿಗೂ ಬೇಜಾರಾಗ್ತಿಲ್ಲೆ, ಲೇಖಕಂಗೆ ಒಂದು ಪ್ರತಿ ಮಾರಾಟ ಆದಂಗೂ ಆತು, ನಮಗೆ ಋಣ ಇಲ್ಲ. ಇಷ್ಟ ಆಗದ ಪುಸ್ತಕದ ಬಗ್ಗೆ ನಾ ಬರೆಯೂದೇ ಇಲ್ಲ, ಅದೇ ನನ್ನ ವಿಮರ್ಶೆ.

ಈಗಾಗಲೇ ಬಂದು ಬಿದ್ದದ್ದನ್ನ ಗ್ರಾಮ ಪಂಚಾಯತಿ ಗ್ರಂಥಾಲಯಕ್ಕೆ ಕೊಡಿ, ಈಗ ಅರಿವು ಕೇಂದ್ರ ಅಂತ ಬೋರ್ಡ್ ಇರ್ತಲ್ಲ, ಅಲ್ಲಿ ಖುಷಿಯಿಂದ ತಕ್ಕೊಳ್ತ. ಮಳೆಗಾಲದ ಮೊದ್ಲೇ ಕೊಡಿ ಮತ್ತೆ, ಕರಾವಳಿ ಹವೆಯಲ್ಲಿ ಕಟ್ಟು ಕಟ್ಟಿ ಇಟ್ರೆ ಆಗಸ್ಟಿಗೆ ಬೂಷ್ಟು ಬರ್ತು.

ಕಾಳಿ_ದಂಡೆ

ತೋಟದಮನೆಯವ್ರೇ, ಆ ಮೂರು ಸಾಲು ಹಾಗೇ ಎತ್ಕೊಂಡೆ, "ಹತ್ತು ಪುಟ" ಅನ್ನೂದನ್ನ ಐದು ಮಾಡ್ದೆ. ಕಮಿಷನ್ ಲಿಂಕ್ ಎರಡು ಪೋಸ್ಟಲ್ಲಿ ಇತ್ತು ತೆಗೆದೆ, ಅದ್ರಿಂದ ಬಂದದ್ದು ಏನೂ ಇಲ್ಲ ಬಿಡಿ. ಪುಸ್ತಕ ಎಲ್ಲಾ ಹಾಲಲ್ಲಿ ಹರವಿಕೊಂಡು ಕೂತಾಗ ಅತ್ತೆ ಬಂದು ಒಂದು ಕಥಾಸಂಕಲನ ಎತ್ಕೊಂಡು ಹೋದವರು ರಾತ್ರಿ ಊಟಕ್ಕೆ ಕರೆದ್ರೂ ಏಳ್ಲಿಲ್ಲ, ಅರವತ್ತೆಂಟು ವಯಸ್ಸು, ಇಷ್ಟು ವರ್ಷ ಧಾರಾವಾಹಿ ಬಿಟ್ಟು ಬೇರೆ ನೋಡಿದ್ದು ನಾ ಕಂಡಿಲ್ಲ. ಬೆಳಿಗ್ಗೆ ಚಾ ಕುಡೀತಾ ಮೂರನೇ ಕತೆ ಸುಳ್ಳು, ಮೀನು ಹಿಡಿಯೋರ ಮನೇಲಿ ಹಂಗೆಲ್ಲ ಮಾತಾಡೂದಿಲ್ಲ ಅಂದ್ರು. ಅವರು ಹೇಳಿದ್ದನ್ನೇ ಬರ್ಕೊಳ್ತಾ ಇದ್ದೇನೆ, ಅವರ ಹೆಸರಲ್ಲೇ ಹಾಕ್ತೇನೆ, ನೈಟ್ ಶಿಫ್ಟ್ ಬರೂದು ಮುಂದಿನ ವಾರ.

ಡೆಬಿಟ್_ಕ್ರೆಡಿಟ್ (ಕುಮಟಾ)

ಅತ್ತೆಯವರು ಸರ್ಕಾರಿ ನೌಕರರಲ್ಲ, ಅವರು ಕಮಿಷನ್ ತಕ್ಕೊಳ್ಬಹುದು.