ಪದಚರ್ಚೆ: ಟೆಂಡರ್ ಕಾಗದದಲ್ಲಿ ‘ಅನರ್ಹ’ ಎಂದರೆ ಯಾರು, ಯಾವುದು?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ನಾನು ದಾವಣಗೆರೆಯಲ್ಲಿ ವಕೀಲರೊಬ್ಬರ ಕಚೇರಿಯಲ್ಲಿ ಕನ್ನಡ ಕರಡು ಬರೆಯುವ ಮತ್ತು ಅನುವಾದ ಮಾಡುವ ಕೆಲಸದಲ್ಲಿದ್ದೇನೆ. ಸರ್ಕಾರಿ ಕಾಮಗಾರಿಗೆ, ಸರಬರಾಜಿಗೆ ಟೆಂಡರ್ ಹಾಕುವ ಸಣ್ಣ ಕಂಪನಿಗಳವರು ಈ ಊರಿನಿಂದಲೂ ಚಿತ್ರದುರ್ಗದ ಕಡೆಯಿಂದಲೂ ನಮ್ಮಲ್ಲಿಗೆ ಬರುತ್ತಾರೆ. ಅವರು ತರುವ ಕಾಗದಗಳಲ್ಲಿ ಒಂದು ಪದ ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ. ಆ ಪದ ‘ಅನರ್ಹ’. ಅದರ ಅರ್ಥ ನಿಘಂಟಿನಲ್ಲಿ ಸ್ಪಷ್ಟವಾಗಿಯೇ ಇದೆ. ಆದರೆ ಟೆಂಡರಿನ ವ್ಯವಹಾರದಲ್ಲಿ ಅದನ್ನು ಮೂರು ಬೇರೆ ಬೇರೆ ಸಂಗತಿಗಳಿಗೆ ಬಳಸಲಾಗುತ್ತಿದೆ, ಮತ್ತು ಆ ಮೂರಕ್ಕೂ ಕಾನೂನಿನಲ್ಲಿ ಇರುವ ಪರಿಹಾರ ಒಂದೇ ಅಲ್ಲ.

ಒಂದು ನಿದರ್ಶನ ಹೇಳುತ್ತೇನೆ. ಹೊಳಲ್ಕೆರೆ ಕಡೆಯ ಅಣ್ಣತಮ್ಮಂದಿರಿಬ್ಬರು ನಡೆಸುವ ಒಂದು ಸಣ್ಣ ಕಂಪನಿ ವಿದ್ಯಾರ್ಥಿನಿಲಯಗಳಿಗೆ ಮಂಚ, ಮೇಜು ಸರಬರಾಜು ಮಾಡುವ ಟೆಂಡರಿನಲ್ಲಿ ಭಾಗವಹಿಸಿತ್ತು. ಅದು ದ್ವಿಲಕೋಟೆ ಪದ್ಧತಿಯ ಟೆಂಡರು. ಮೊದಲು ತಾಂತ್ರಿಕ ಲಕೋಟೆ, ಅದರಲ್ಲಿ ಗೆದ್ದವರದು ಮಾತ್ರ ಆರ್ಥಿಕ ಲಕೋಟೆ. ಕಚೇರಿಯಿಂದ ಬಂದ ಪತ್ರದಲ್ಲಿ ಇದ್ದದ್ದು ಒಂದೇ ಸಾಲು: ‘ತಾಂತ್ರಿಕ ಪರಿಶೀಲನೆಯಲ್ಲಿ ತಮ್ಮ ಸಂಸ್ಥೆಯನ್ನು ಅನರ್ಹಗೊಳಿಸಲಾಗಿದೆ.’ ಕಾರಣವಿಲ್ಲ, ವಿವರವಿಲ್ಲ. ದೊಡ್ಡವರು ಆ ಪತ್ರವನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಮೇಜಿನ ಮೇಲಿಟ್ಟು ಕೇಳಿದ ಮೊದಲ ಮಾತು, ‘ಸಾರ್, ನಮ್ಮುನ್ನ ಬ್ಲ್ಯಾಕ್‌ಲಿಸ್ಟಿಗೆ ಹಾಕ್ಯಾರಾ?’ ಎಂಬುದು. ಅಷ್ಟರಲ್ಲಿ ಇನ್ನೊಂದು ತಾಲ್ಲೂಕಿನ ಟೆಂಡರಿಗೆ ಕೊನೆಯ ದಿನ ಕಳೆದುಹೋಗಿತ್ತು. ಅದಕ್ಕೆ ಅವರು ಅರ್ಜಿಯನ್ನೇ ಹಾಕಿರಲಿಲ್ಲ. ಏಕೆಂದರೆ ಅಂಥ ಪ್ರತಿಯೊಂದು ಅರ್ಜಿಯ ಜೊತೆಗೂ ‘ನಮ್ಮ ಸಂಸ್ಥೆಯನ್ನು ಯಾವುದೇ ಇಲಾಖೆಯು ಕಪ್ಪುಪಟ್ಟಿಗೆ ಸೇರಿಸಿರುವುದಿಲ್ಲ’ ಎಂಬ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕು. ‘ಅನರ್ಹ’ ಎಂಬ ಪತ್ರವನ್ನು ಕೈಯಲ್ಲಿಟ್ಟುಕೊಂಡು ಅದಕ್ಕೆ ಸಹಿ ಹಾಕಿದರೆ ಸುಳ್ಳು ಪ್ರಮಾಣವಾದೀತೆಂದು ಅವರು ಹೆದರಿದ್ದರು. ಕೊನೆಗೆ ವಿಚಾರಿಸಿದಾಗ ತಿಳಿದದ್ದು ಇಷ್ಟೇ: ಲೆಕ್ಕಪರಿಶೋಧಕರು ಕೊಟ್ಟ ವಾರ್ಷಿಕ ವಹಿವಾಟಿನ ಪ್ರಮಾಣಪತ್ರದಲ್ಲಿ ಯುಡಿಐಎನ್ ಸಂಖ್ಯೆ, ಅಂದರೆ ಅವರು ಸಹಿ ಮಾಡುವ ದಾಖಲೆಯ ವಿಶಿಷ್ಟ ಗುರುತಿನ ಸಂಖ್ಯೆ, ನಮೂದಾಗಿರಲಿಲ್ಲ.

ಇಲ್ಲಿ ಅನರ್ಹವಾದದ್ದು ಯಾವುದು? ಕಂಪನಿಗೆ ವಹಿವಾಟು ಇತ್ತು, ಅನುಭವ ಇತ್ತು. ಕೊರತೆ ಇದ್ದದ್ದು ಒಂದು ಹಾಳೆಯಲ್ಲಿ. ಆದರೆ ಪತ್ರವು ಹಾಳೆಯ ಮೇಲಿನ ಮಾತನ್ನು ಮನುಷ್ಯರ ಮೇಲೆ ಹೊರಿಸಿತು.

ಟೆಂಡರುದಾರರು ಹೊರಗುಳಿಯುವ ಬಗೆಗಳನ್ನು ಬಿಡಿಸಿ ನೋಡೋಣ. ಮೊದಲನೆಯದು, ಟೆಂಡರ್ ಹಾಕಿದವರಿಗೆ ಕೇಳಿದಷ್ಟು ವಹಿವಾಟು, ಅನುಭವ ಅಥವಾ ಪರವಾನಗಿ ಇಲ್ಲದಿರುವುದು. ಇದು ನಿಜವಾದ ಅರ್ಥದಲ್ಲಿ ಅರ್ಹತೆಯ ಪ್ರಶ್ನೆ, ಇಲ್ಲಿ ‘ಅನರ್ಹ’ ಎನ್ನುವುದರಲ್ಲಿ ತಪ್ಪಿಲ್ಲ. ಎರಡನೆಯದು, ಹಾಕಿದವರು ಅರ್ಹರೇ ಆಗಿದ್ದರೂ ಹಾಕಿದ ಟೆಂಡರು ಕೇಳಿದ ರೀತಿಯಲ್ಲಿ ಇಲ್ಲದಿರುವುದು. ಇಂಗ್ಲಿಷಿನಲ್ಲಿ ಇದಕ್ಕೆ ‘ನಾನ್-ರೆಸ್ಪಾನ್ಸಿವ್’ ಎನ್ನುತ್ತಾರೆ. ಮೂರನೆಯದು, ಹಿಂದಿನ ಯಾವುದೋ ಲೋಪಕ್ಕಾಗಿ ಇಂತಿಷ್ಟು ಕಾಲ ಟೆಂಡರಿನಲ್ಲಿ ಭಾಗವಹಿಸದಂತೆ ತಡೆಯುವುದು, ಅಂದರೆ ಕಪ್ಪುಪಟ್ಟಿ. ದರ ಹೆಚ್ಚಾಗಿ ಎಲ್-1 (ಎಲ್ಲರಿಗಿಂತ ಕಡಿಮೆ ದರ ಹಾಕಿದವರು) ಆಗದೆ ಉಳಿಯುವುದು ಇವೆಲ್ಲಕ್ಕಿಂತ ಬೇರೆಯೇ. ಅದರಲ್ಲಿ ಯಾರ ತಪ್ಪೂ ಇಲ್ಲ.

ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಎಂಬ ಕಾಯ್ದೆಯನ್ನು ಕಚೇರಿಗಳಲ್ಲಿ ಎಲ್ಲರೂ ಕೆಟಿಪಿಪಿ ಎಂದೇ ಕರೆಯುತ್ತಾರೆ. ಅದರ 13ನೇ ಕಲಂನ ಅಡಿಯಲ್ಲಿ ಟೆಂಡರ್ ಅಂಗೀಕಾರ ಪ್ರಾಧಿಕಾರ ಹೊರಡಿಸಿದ ಆದೇಶದಿಂದ ಬಾಧೆಗೊಳಗಾದ ಟೆಂಡರುದಾರರು 16ನೇ ಕಲಂನ ಪ್ರಕಾರ, ಆದೇಶ ಕೈಸೇರಿದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಕಪ್ಪುಪಟ್ಟಿಯ ದಾರಿಯೇ ಬೇರೆ. ಅಹವಾಲು ಹೇಳಿಕೊಳ್ಳಲು ಅವಕಾಶ ಕೊಡದೆ ಯಾರನ್ನೂ ಕಪ್ಪುಪಟ್ಟಿಗೆ ಸೇರಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1974ರಲ್ಲೇ ಎರೂಸಿಯನ್ ಇಕ್ವಿಪ್‌ಮೆಂಟ್ ಪ್ರಕರಣದಲ್ಲಿ ಹೇಳಿದೆ. ಅಂಥ ಆದೇಶವನ್ನು ಪ್ರಶ್ನಿಸುವವರು ಸಾಮಾನ್ಯವಾಗಿ ಸಂವಿಧಾನದ 226ನೇ ವಿಧಿಯ ಅಡಿಯಲ್ಲಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕುತ್ತಾರೆ. ನಮ್ಮ ಎರಡು ಜಿಲ್ಲೆಗಳವರು ಅದಕ್ಕೆ ಧಾರವಾಡಕ್ಕಲ್ಲ, ಬೆಂಗಳೂರಿಗೇ ಹೋಗಬೇಕು. ಹೀಗಿರುವಾಗ ‘ಅನರ್ಹ’ ಎಂಬ ಪತ್ರ ಹಿಡಿದು ಬಂದವರಿಗೆ ಯಾವ ದಾರಿ ತೋರಿಸಬೇಕೆಂದು ತಿಳಿಯಲು ನಾವು ಮೊದಲು ಆ ಪದವನ್ನೇ ಬಿಡಿಸಬೇಕಾಗುತ್ತದೆ. ಬಿಡಿಸುವಷ್ಟರಲ್ಲಿ 30 ದಿನಗಳಲ್ಲಿ ಹತ್ತು ದಿನ ಹೋಗಿರುತ್ತವೆ.

ಈ ಪದಕ್ಕೆ ಕನ್ನಡದಲ್ಲಿ ಇಷ್ಟು ಭಾರ ಬಂದದ್ದು ಟೆಂಡರಿನಿಂದಲ್ಲ, ರಾಜಕಾರಣದಿಂದ ಎಂದು ನನಗೆ ತೋರುತ್ತದೆ. 2019ರಲ್ಲಿ ವಿಧಾನಸಭೆಯ 17 ಸದಸ್ಯರ ಸದಸ್ಯತ್ವ ಹೋದಾಗ ‘ಅನರ್ಹ ಶಾಸಕರು’ ಎಂಬ ಮಾತು ತಿಂಗಳುಗಟ್ಟಲೆ ಪತ್ರಿಕೆಗಳಲ್ಲೂ ಟಿವಿಯಲ್ಲೂ ತುಂಬಿತ್ತು. ಅದಾದ ಮೇಲೆ ಊರಿನ ಜನರ ಕಿವಿಗೆ ಅದು ತಪ್ಪು ಮಾಡಿದವರಿಗೆ ಕೊಟ್ಟ ಶಿಕ್ಷೆಯಂತೆ ಕೇಳಿಸುತ್ತದೆ. ಯುಡಿಐಎನ್ ಇಲ್ಲದ ಒಂದು ಹಾಳೆಗೆ ಅದನ್ನು ಬಳಸುವುದು ನ್ಯಾಯವಲ್ಲ.

ಆಡುಮಾತಿನಲ್ಲಿ ಈ ಗೊಂದಲವೇ ಇಲ್ಲ ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ನಮ್ಮ ಕಡೆಯ ಗುತ್ತಿಗೆದಾರರು ‘ಟೆಕ್ನಿಕಲ್‌ನಾಗೆ ಹೋತು’ ಎನ್ನುತ್ತಾರೆ, ‘ರೇಟ್‌ನಾಗೆ ಹೋತು’ ಎನ್ನುತ್ತಾರೆ, ‘ಬ್ಲ್ಯಾಕ್‌ಲಿಸ್ಟ್ ಮಾಡ್ಯಾರ’ ಎನ್ನುತ್ತಾರೆ. ಮೊದಲ ಎರಡು ಮಾತುಗಳಲ್ಲಿ ಹೋಗುವುದು ಟೆಂಡರು. ಮೂರನೆಯದರಲ್ಲಿ ಮಾತ್ರ ಯಾರೋ ಯಾರಿಗೋ ಏನೋ ಮಾಡಿದ್ದಾರೆ. ಕ್ರಿಯಾಪದವೇ ಬದಲಾಗುತ್ತದೆ. ಆಡುವವರು ಇಷ್ಟು ಖಚಿತವಾಗಿ ಬೇರೆಮಾಡಿರುವುದನ್ನು ಬರೆಯುವವರು ‘ಅನರ್ಹಗೊಳಿಸಲಾಗಿದೆ’ ಎಂಬ ಒಂದೇ ಪದದಲ್ಲಿ ಕಲಸಿಬಿಟ್ಟಿದ್ದೇವೆ.

ಹಾಗಾದರೆ ಎರಡನೆಯ ಬಗೆಗೆ, ಅಂದರೆ ಕೇಳಿದಂತೆ ಇಲ್ಲದ ಟೆಂಡರಿಗೆ ಏನೆನ್ನಬೇಕು? ನನ್ನ ಪ್ರಶ್ನೆಯ ತಿರುಳು ಇದೇ.

ಕೆಲವು ಅನುವಾದಗಳಲ್ಲಿ ‘ಸ್ಪಂದನಾತ್ಮಕವಲ್ಲದ ಬಿಡ್’ ಎಂಬ ಪ್ರಯೋಗವನ್ನು ನೋಡಿದ್ದೇನೆ. ಇದು ‘ನಾನ್-ರೆಸ್ಪಾನ್ಸಿವ್’ ಎಂಬ ಮೂಲದ ಪದವನ್ನು ಪದವಾಗಿಯೇ ತಂದಿಟ್ಟದ್ದು. ಕನ್ನಡದಲ್ಲಿ ಸ್ಪಂದಿಸುವುದು ಮನಸ್ಸು. ಜನರ ಕಷ್ಟಕ್ಕೆ ಅಧಿಕಾರಿ ಸ್ಪಂದಿಸುತ್ತಾನೆ ಎನ್ನುತ್ತೇವೆ. ಬ್ಯಾಂಕ್ ಗ್ಯಾರಂಟಿ ಸ್ಪಂದಿಸುವುದಿಲ್ಲ. ಈ ಪ್ರಯೋಗವನ್ನು ಓದಿದ ಗುತ್ತಿಗೆದಾರರೊಬ್ಬರು, ಕಚೇರಿಯವರು ಫೋನ್ ಮಾಡಿದಾಗ ತಾವು ಉತ್ತರಿಸಲಿಲ್ಲವೆಂದು ಹೀಗೆ ಬರೆದಿರಬಹುದೆಂದು ತಿಳಿದಿದ್ದರು.

‘ಷರತ್ತುಬದ್ಧ ಟೆಂಡರ್’ ಎಂಬುದು ಇದಕ್ಕಿಂತ ಅಪಾಯಕಾರಿ, ಮತ್ತು ಆ ತಪ್ಪನ್ನು ಮಾಡಿದವನು ನಾನೇ. ಷರತ್ತುಗಳಿಗೆ ಬದ್ಧವಾಗಿರುವುದರಿಂದ ಷರತ್ತುಬದ್ಧ ಎಂದು ಕೂಡಿಸಿ, ‘ನಮ್ಮ ಕಕ್ಷಿದಾರರದು ಸಂಪೂರ್ಣವಾಗಿ ಷರತ್ತುಬದ್ಧ ಟೆಂಡರು’ ಎಂದು ಒಂದು ಮನವಿಯಲ್ಲಿ ಬರೆದೆ. ನಮ್ಮ ವಕೀಲರು ಅದನ್ನು ಓದಿ ಪೆನ್ನು ಕೆಳಗಿಟ್ಟರು. ಕನ್ನಡದಲ್ಲಿ ಷರತ್ತುಬದ್ಧ ಜಾಮೀನು ಎಂದರೆ ಷರತ್ತು ಹಾಕಿ ಕೊಟ್ಟ ಜಾಮೀನು. ಷರತ್ತುಬದ್ಧ ಟೆಂಡರ್ ಎಂದರೆ ಟೆಂಡರುದಾರನು ತಾನೇ ಹೊಸ ಷರತ್ತು ಒಡ್ಡಿದ ಟೆಂಡರು. ‘ಷರತ್ತುಬದ್ಧ ಟೆಂಡರುಗಳನ್ನು ತಿರಸ್ಕರಿಸಲಾಗುವುದು’ ಎಂಬ ಸಾಲು ಟೆಂಡರ್ ಪ್ರಕಟಣೆಗಳಲ್ಲಿ ಸಾಮಾನ್ಯವಾಗಿಯೇ ಇರುತ್ತದೆ. ನಮ್ಮ ಕಕ್ಷಿದಾರರ ಟೆಂಡರನ್ನು ತಿರಸ್ಕರಿಸಲು ಬೇಕಾದ ಕಾರಣವನ್ನು ನಾನೇ ಬರೆದುಕೊಟ್ಟಂತೆ ಆಗುತ್ತಿತ್ತು. ಅಂದಿನಿಂದ ಈ ವಿಷಯದಲ್ಲಿ ನಾನು ಪ್ರತಿಯೊಂದು ಪದವನ್ನೂ ಎರಡು ಸಲ ಓದುತ್ತೇನೆ.

ಮೂರನೆಯದಾಗಿ ‘ಅಸಿಂಧು’. ಇದು ಒಳ್ಳೆಯ ಪದ, ಬಳಕೆಯಲ್ಲಿರುವ ಪದ. ಚುನಾವಣೆಯಲ್ಲಿ ನಾಮಪತ್ರ ಅಸಿಂಧುವಾಯಿತು ಎಂದರೆ ಹಳ್ಳಿಯವರಿಗೂ ಅರ್ಥವಾಗುತ್ತದೆ, ಮತ್ತು ಅಲ್ಲಿ ಅಸಿಂಧುವಾಗುವುದು ಕಾಗದವೇ ಹೊರತು ಅಭ್ಯರ್ಥಿಯಲ್ಲ. ಆ ಕಾರಣಕ್ಕೆ ನಾನು ಅದರ ಕಡೆಗೆ ಬಹುಮಟ್ಟಿಗೆ ಒಲಿದಿದ್ದೆ. ಆದರೆ 1872ರ ಕರಾರು ಅಧಿನಿಯಮದ ಚರ್ಚೆಯಲ್ಲಿ ಅಸಿಂಧು ಎಂದರೆ ಕಾನೂನಿನ ಕಣ್ಣಿನಲ್ಲಿ ಇಲ್ಲವೇ ಇಲ್ಲ ಎಂಬ ಅರ್ಥ ಬರುತ್ತದೆ. ಕೇಳಿದಂತೆ ಇಲ್ಲದ ಟೆಂಡರು ಹಾಗಲ್ಲ. ಸರ್ವೋಚ್ಚ ನ್ಯಾಯಾಲಯವು 1991ರ ಪೊದ್ದಾರ್ ಸ್ಟೀಲ್ ಪ್ರಕರಣದಲ್ಲಿ ಟೆಂಡರಿನ ಷರತ್ತುಗಳನ್ನು ಎರಡು ಬಗೆಯಾಗಿ ನೋಡಿತು: ಅರ್ಹತೆಯ ಮೂಲಭೂತ ಷರತ್ತುಗಳು ಒಂದು ಬಗೆ, ಮುಖ್ಯ ಉದ್ದೇಶಕ್ಕೆ ಪೂರಕವಾಗಿರುವ ಆನುಷಂಗಿಕ ಷರತ್ತುಗಳು ಇನ್ನೊಂದು. ಅಲ್ಲಿ ಇಎಂಡಿ ಹಣವನ್ನು, ಅಂದರೆ ಟೆಂಡರಿನ ಜೊತೆ ಇಡುವ ಠೇವಣಿಯನ್ನು, ಸ್ಟೇಟ್ ಬ್ಯಾಂಕಿನ ಡಿಮ್ಯಾಂಡ್ ಡ್ರಾಫ್ಟ್ ಮೂಲಕ ಕೊಡುವ ಬದಲು ಯೂನಿಯನ್ ಬ್ಯಾಂಕಿನ ಚೆಕ್ಕಿನ ಮೂಲಕ ಕೊಡಲಾಗಿತ್ತು. ಹಣ ಭದ್ರವಾಗಿಯೇ ಇದ್ದುದರಿಂದ ಅಂಥ ಸಣ್ಣ ವ್ಯತ್ಯಾಸವನ್ನು ಪ್ರಾಧಿಕಾರವು ಮನ್ನಿಸಬಹುದೆಂದು ನ್ಯಾಯಾಲಯ ಹೇಳಿತು. ಮನ್ನಿಸಲು ಅವಕಾಶವಿರುವ ಕೊರತೆಯನ್ನು ‘ಅಸಿಂಧು’ ಎಂದು ಕರೆದರೆ ಮನ್ನಿಸುವ ಬಾಗಿಲನ್ನು ಪದವೇ ಮುಚ್ಚಿಬಿಡುತ್ತದೆ.

ಈಗ ನಾನು ಕರಡುಗಳಲ್ಲಿ ಬಳಸುತ್ತಿರುವುದು ‘ಷರತ್ತಿಗೆ ಹೊಂದದ ಟೆಂಡರ್’ ಎಂಬ ಪ್ರಯೋಗವನ್ನು. ಹೊಂದು ಎಂಬುದು ನಮ್ಮ ದಿನಬಳಕೆಯ ಧಾತು. ಜಾತಕ ಹೊಂದಲಿಲ್ಲ ಎನ್ನುತ್ತೇವೆ. ಅದರಿಂದ ಹುಡುಗನಿಗಾಗಲಿ ಹುಡುಗಿಗಾಗಲಿ ಕುಂದು ಬರುವುದಿಲ್ಲ, ಇನ್ನೊಂದು ಮನೆಯ ಜಾತಕಕ್ಕೆ ಅದೇ ಜಾತಕ ಹೊಂದೀತು. ಒಂದು ಇಲಾಖೆಯ ಷರತ್ತಿಗೆ ಹೊಂದದ ಟೆಂಡರಿನವರು ನಾಳೆ ಇನ್ನೊಂದು ಇಲಾಖೆಯಲ್ಲಿ ಕೆಲಸ ಪಡೆಯಬಹುದು ಎಂಬ ಭಾವ ಈ ಪದದೊಳಗೇ ಇದೆ. ಆದರೆ ಇದನ್ನು ನಾಮಪದ ಮಾಡುವಾಗ ಬಹಳ ಎಚ್ಚರ ಬೇಕು. ‘ಹೊಂದಾಣಿಕೆಯ ಟೆಂಡರ್’ ಎಂದುಬಿಟ್ಟರೆ ಗುತ್ತಿಗೆದಾರರು ಒಳಗೊಳಗೇ ಮಾತಾಡಿಕೊಂಡು ಹಾಕಿದ ಟೆಂಡರ್ ಎಂದಾಗುತ್ತದೆ, ಅದು 2002ರ ಸ್ಪರ್ಧಾ ಅಧಿನಿಯಮದ 3ನೇ ಕಲಂನ ವ್ಯಾಪ್ತಿಗೆ ಬರುವ ಗಂಭೀರ ಆರೋಪ. ಹಾಗಾಗಿ ಹೊಂದುವ, ಹೊಂದದ ಎಂಬ ರೂಪಗಳಲ್ಲೇ ನಿಲ್ಲಬೇಕೆಂಬುದು ನನ್ನ ಅಭಿಪ್ರಾಯ.

ಟೆಂಡರ್, ಬಿಡ್ ಎಂಬ ಪದಗಳನ್ನು ಬದಲಿಸುವ ಆಸೆ ನನಗಿಲ್ಲ. ಬಿಡ್ ಎಂಬುದಕ್ಕೆ ‘ಕೂಗು’ ಎನ್ನಬಹುದೆಂದು ಹಿಂದೊಮ್ಮೆ ಮಿತ್ರರೊಬ್ಬರು ಸೂಚಿಸಿದ್ದರು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಜಾತ್ರೆಯಲ್ಲಿ ಮುಕ್ತಿ ಬಾವುಟದ ಹರಾಜು ನಡೆಯುವಾಗ ಕೂಗು ಎಂಬುದಕ್ಕೆ ಅರ್ಥವಿದೆ, ಏಕೆಂದರೆ ಅಲ್ಲಿ ಒಬ್ಬರ ಕೂಗನ್ನು ಕೇಳಿಯೇ ಇನ್ನೊಬ್ಬರು ಮೇಲೇರುತ್ತಾರೆ. ಟೆಂಡರಿನ ಪ್ರಾಣವಿರುವುದು ಮುಚ್ಚಿದ ಲಕೋಟೆಯಲ್ಲಿ, ಒಬ್ಬರ ದರ ಇನ್ನೊಬ್ಬರಿಗೆ ಕೇಳಿಸಬಾರದು.

ಕಪ್ಪುಪಟ್ಟಿಯ ಬಗ್ಗೆ ಒಂದು ಮಾತು ಉಳಿದಿದೆ. ಪದ ಚೆನ್ನಾಗಿದೆ, ಜನರಿಗೆ ತಿಳಿದಿದೆ. ತೊಂದರೆ ಇರುವುದು ಅದನ್ನು ಬರೆಯದೆ ಬಿಡುವುದರಲ್ಲಿ. ಕಾರಣ ಕೇಳುವ ನೋಟಿಸುಗಳ ಕೊನೆಯಲ್ಲಿ ‘ತಪ್ಪಿದಲ್ಲಿ ನಿಯಮಾನುಸಾರ ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂದು ಬರೆಯುವುದು ನಮ್ಮ ಕಚೇರಿ ಕನ್ನಡದ ರೂಢಿ. ‘ಸೂಕ್ತ ಕ್ರಮ’ ಎಂದರೆ ದಂಡವೇ, ಇಎಂಡಿ ಮುಟ್ಟುಗೋಲೇ, ಕಪ್ಪುಪಟ್ಟಿಯೇ? 2014ರಲ್ಲಿ ಗೋರ್ಖಾ ಸೆಕ್ಯುರಿಟಿ ಸರ್ವಿಸಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಕಪ್ಪುಪಟ್ಟಿಗೆ ಸೇರಿಸುವ ಉದ್ದೇಶವಿದ್ದರೆ ಅದು ನೋಟಿಸಿನಿಂದಲೇ ಸ್ಪಷ್ಟವಾಗಿ ತಿಳಿಯುವಂತಿರಬೇಕೆಂದು ಹೇಳಿತು. ಆ ತೀರ್ಪಿನ ಬೆಳಕಿನಲ್ಲಿ ನೋಡಿದರೆ ‘ಸೂಕ್ತ ಕ್ರಮ’ ಎಂಬುದು ಕೇವಲ ಸವೆದ ಮಾತಲ್ಲ, ನೋಟಿಸನ್ನೇ ಬಿದ್ದುಹೋಗುವಂತೆ ಮಾಡಬಲ್ಲ ಮಾತು. ಅಧಿಕಾರಿಗಳಿಗೂ ಇದು ತಿಳಿದಿರುವುದು ಒಳ್ಳೆಯದು. ಸ್ಪಷ್ಟವಾಗಿ ಬರೆದರೆ ಅವರ ಆದೇಶವೂ ನಿಲ್ಲುತ್ತದೆ.

ಬಳಗದವರಲ್ಲಿ ನಾನು ಕೇಳುವುದು ಇಷ್ಟು. ‘ಷರತ್ತಿಗೆ ಹೊಂದದ ಟೆಂಡರ್’ ಎಂಬ ಪ್ರಯೋಗದಲ್ಲಿ ನನಗೆ ಕಾಣದಿರುವ ದೋಷವೇನಾದರೂ ಇದೆಯೇ? ನಿವೃತ್ತ ಇಂಜಿನಿಯರುಗಳು, ಲೋಕೋಪಯೋಗಿ ಅಥವಾ ನೀರಾವರಿ ಇಲಾಖೆಯ ಹಳೆಯ ಗುಮಾಸ್ತರು ಇಲ್ಲಿದ್ದರೆ, ಆನ್‌ಲೈನ್ ಟೆಂಡರ್ ಬರುವ ಮುಂಚೆ, ಲಕೋಟೆಗಳನ್ನು ಪೆಟ್ಟಿಗೆಯಲ್ಲಿ ಹಾಕುತ್ತಿದ್ದ ಕಾಲದಲ್ಲಿ, ಇಂಥ ಟೆಂಡರನ್ನು ತುಲನಾತ್ಮಕ ಪಟ್ಟಿಯಲ್ಲಿ ಏನೆಂದು ಬರೆಯುತ್ತಿದ್ದಿರಿ ಎಂಬುದನ್ನು ದಯವಿಟ್ಟು ನೆನಪಿಸಿಕೊಂಡು ತಿಳಿಸಿ. ಕಲ್ಯಾಣ ಕರ್ನಾಟಕದ (ಹಿಂದಿನ ಹೈದರಾಬಾದ್ ಕರ್ನಾಟಕದ) ಕಡೆ ಗುತ್ತೇದಾರ ಎಂಬುದು ಮನೆತನದ ಹೆಸರೇ ಆಗಿರುವಷ್ಟು ಗುತ್ತಿಗೆಯ ಭಾಷೆ ಹಳೆಯದು. ಆ ಕಡೆಯ ಹಳೆಯ ಕಾಗದಗಳಲ್ಲಿ ಇದಕ್ಕೆ ಬೇರೊಂದು ಪದ ಇದ್ದಿರಬಹುದು. ಹೊಳಲ್ಕೆರೆಯ ಆ ಅಣ್ಣತಮ್ಮಂದಿರ ಮೇಲ್ಮನವಿಯ ಕರಡು ಇನ್ನೂ ನನ್ನ ಮೇಜಿನ ಮೇಲಿದೆ, ಅದರ ಎರಡನೆಯ ಪುಟದಲ್ಲಿ ಈ ಪದವನ್ನು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.