ಗೋಲ್ಡನ್ ಟೋಡ್ ಅಳಿವು: ಕಣ್ಣಾರೆ ಕಂಡದ್ದು ಯಾವುದು, ಊಹೆ ಯಾವುದು?

ಪ್ರಶ್ನೆ: ಪ್ರಾಣಿಶಾಸ್ತ್ರ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ಕೋಸ್ಟರಿಕಾದ ಮೊಂಟೆವರ್ಡೆಯ ಮೋಡ ಕವಿದ ಕಾಡಿನಲ್ಲಿ, ಹತ್ತು ಚದರ ಕಿಲೋಮೀಟರಿಗಿಂತ ಕಡಿಮೆ ಜಾಗದಲ್ಲಷ್ಟೇ ಇದ್ದು ಅಳಿದುಹೋದ ಗೋಲ್ಡನ್ ಟೋಡ್ ಎಂಬ ನೆಲಗಪ್ಪೆಯ ಕುರಿತು ತರಗತಿಯಲ್ಲಿ ಸೆಮಿನಾರ್ ಕೊಡಬೇಕಾಗಿದೆ. ವೀಕ್ಷಣೆಗಳನ್ನೂ ಊಹೆಗಳನ್ನೂ ಬೇರೆ ಬೇರೆ ಪಟ್ಟಿ ಮಾಡಿ ತೋರಿಸಬೇಕೆಂದು ನಮ್ಮ ಉಪನ್ಯಾಸಕರು ಹೇಳಿದ್ದಾರೆ. ನಾನು ವೀಕ್ಷಣೆ ಎಂದು ಬರೆದುಕೊಂಡವು ಇವು: 1987ರಲ್ಲಿ 1,500ಕ್ಕೂ ಹೆಚ್ಚು ಕಪ್ಪೆಗಳು ಕಂಡವು, ಅವು ಮೊಟ್ಟೆಯಿಟ್ಟ ನೀರಿನ ಗುಂಡಿಗಳು ಒಣಗಿ ಮೊಟ್ಟೆಗಳು ನಾಶವಾದವು, 1988ರ ಹೊತ್ತಿಗೆ ಕಪ್ಪೆಗಳ ಸಂಖ್ಯೆ ಕುಸಿಯಿತು, 1989ರ ನಂತರ ಈ ಪ್ರಭೇದ ಅಳಿಯಿತು. ಊಹೆಯ ಕಡೆ ಇರುವುದು ಒಂದೇ: ಭೂಮಿ ಬಿಸಿಯಾಗಿ ಕಾಡಿನ ಮಂಜು ಕಡಿಮೆಯಾದದ್ದೇ ಇದಕ್ಕೆ ಕಾರಣ. ಮೊದಲ ಪಟ್ಟಿಯ ಕೊನೆಯ ಎರಡು ವಾಕ್ಯಗಳು ಅಲ್ಲಿರಬಾರದು ಎಂದು ಸಹಪಾಠಿಯೊಬ್ಬರು ವಾದಿಸುತ್ತಿದ್ದಾರೆ. 1988ರಲ್ಲಿ ಹತ್ತು ಕಪ್ಪೆ ಮಾತ್ರ ಕಂಡವು ಎಂದರೆ ಸಂಖ್ಯೆ ಕುಸಿಯಿತು ಎಂದೇ ಅರ್ಥವಲ್ಲವೇ? ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ 1: ಕ್ಷೇತ್ರಕಾರ್ಯ

ನಿಮ್ಮ ಸಹಪಾಠಿಯ ಆಕ್ಷೇಪ ಸರಿಯಾಗಿದೆ, ಮೇಡಂ. ಏಕೆಂದು ತಿಳಿಯಲು ಈ ಕಪ್ಪೆಯ ಬದುಕನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ವರ್ಷದ ಬಹುಪಾಲು ಅದು ನೆಲದೊಳಗೆ, ಬೇರುಗಳ ಸಂದಿಯಲ್ಲಿ ಅಡಗಿರುತ್ತಿತ್ತು. ಬೇಸಿಗೆ ಮುಗಿದು ಮಳೆ ಶುರುವಾಗುವಾಗ, ಏಪ್ರಿಲ್ ಆಸುಪಾಸಿನ ಕೆಲವೇ ದಿನಗಳ ಮಟ್ಟಿಗೆ, ಮರದ ಬುಡದಲ್ಲಿ ಬೇರುಗಳ ನಡುವೆ ನಿಂತ ಅಂಗೈ ಆಳದ ನೀರಿಗೆ ಗುಂಪುಗುಂಪಾಗಿ ಬರುತ್ತಿತ್ತು. ಕಿತ್ತಳೆ ಬಣ್ಣದಿಂದ ಹೊಳೆಯುವ ಗಂಡುಗಳು ಹೆಣ್ಣಿಗಾಗಿ ಒಂದರ ಮೇಲೊಂದು ಬಿದ್ದು ಸೆಣಸಾಡುತ್ತಿದ್ದವು. ಹೆಣ್ಣಿನ ಮೈ ಕಪ್ಪು, ಅದರ ಮೇಲೆ ಹಳದಿ ಅಂಚಿನ ಕೆಂಪು ಚುಕ್ಕೆಗಳು. ಜೀವಶಾಸ್ತ್ರಜ್ಞೆ ಮಾರ್ಥಾ ಕ್ರಂಪ್ 1987ರಲ್ಲಿ ಎಣಿಸಿದ್ದು ಹೀಗೆ ನೀರಿಗೆ ಬಂದ ಕಪ್ಪೆಗಳನ್ನು. 1988ರಲ್ಲಿ ಕಂಡವು ಹತ್ತು, ಅದರಲ್ಲೂ ಮುಖ್ಯ ಗುಂಡಿಗಳ ಬಳಿ ಒಂದೇ ಒಂದು. 1989ರ ಮೇ ತಿಂಗಳಲ್ಲಿ ಕಂಡದ್ದು ಒಂಟಿ ಗಂಡು. ಆಮೇಲೆ ಯಾರೂ ನೋಡಿಲ್ಲ.

ಹೀಗಾಗಿ ಎಣಿಕೆಗೆ ಸಿಕ್ಕಿದ್ದು ಕಾಡಿನಲ್ಲಿದ್ದ ಕಪ್ಪೆಗಳಲ್ಲ, ಆ ವರ್ಷ ಮೇಲೆ ಬಂದ ಕಪ್ಪೆಗಳು ಮಾತ್ರ. ಮೇಲೆ ಬರುವವು ಕಡಿಮೆಯಾಗಲು ಎರಡು ದಾರಿಗಳಿವೆ: ಕಪ್ಪೆಗಳು ಸತ್ತಿರಬಹುದು, ಇಲ್ಲವೇ ಮಳೆ ಹದವಾಗಿಲ್ಲವೆಂದು ನೆಲದೊಳಗೇ ಉಳಿದಿರಬಹುದು. ಈ ಎರಡನೆಯ ಸಾಧ್ಯತೆಯನ್ನು ಕ್ರಂಪ್ ಮತ್ತು ಸಂಗಡಿಗರು 1992ರಲ್ಲಿ ಒಂದು ಪ್ರಬಂಧವಾಗಿಯೇ ಪ್ರಕಟಿಸಿದ್ದರು. ಕಣ್ಣೆದುರಿನ ಸಾವಿರದೈನೂರು ಹತ್ತಕ್ಕಿಳಿದದ್ದನ್ನು ನೋಡಿದವರೇ "ಸತ್ತವು" ಎಂದು ಬರೆಯಲು ಅವಸರಪಡಲಿಲ್ಲ ಎಂಬುದು ನನಗೆ ಬಹಳ ದೊಡ್ಡ ವಿಷಯವಾಗಿ ಕಾಣುತ್ತದೆ.

ಅಡಗಿವೆ ಎಂಬ ಊಹೆ ಮುಂದೆ ನಿಲ್ಲಲಿಲ್ಲ. ಅದು ನಿಜವಾಗಿದ್ದರೆ ಒಳ್ಳೆಯ ಮಳೆ ಬಿದ್ದ ವರ್ಷ ಕಪ್ಪೆಗಳು ಮೇಲೆ ಬರಬೇಕಿತ್ತು, ಬರಲಿಲ್ಲ. ಅಲ್ಲದೆ, ಹೀಗೆ ನೆಲದೊಳಗೆ ಅಡಗಿ ಕೂರದೆ ಹೊಳೆಯ ದಂಡೆಯಲ್ಲಿ ಹಗಲಿನಲ್ಲೇ ಓಡಾಡುವ ಹಾರ್ಲೆಕ್ವಿನ್ ಕಪ್ಪೆಯೂ ಅದೇ ಹೊತ್ತಿಗೆ ಅಲ್ಲಿಂದ ಮಾಯವಾಯಿತು. ಮೊಂಟೆವರ್ಡೆಯ ಮೂವತ್ತು ಚದರ ಕಿಲೋಮೀಟರಿನ ಅಧ್ಯಯನ ಪ್ರದೇಶವೊಂದರಲ್ಲಿದ್ದ 50 ಬಗೆಯ ಕಪ್ಪೆಗಳಲ್ಲಿ 20 ಕಾಣೆಯಾದವು. ಕಪ್ಪೆಗಳ ಸಂಖ್ಯೆ ಸಹಜವಾಗಿಯೇ ಏರಿಳಿಯುತ್ತದಲ್ಲ, ಇದೂ ಹಾಗೆಯೇ ಇರಬಹುದೇ ಎಂದು ಜೀವಶಾಸ್ತ್ರಜ್ಞ ಅಲನ್ ಪೌಂಡ್ಸ್ ಮತ್ತು ಜೊತೆಗಾರರು 1997ರಲ್ಲಿ ಲೆಕ್ಕ ಹಾಕಿ ನೋಡಿದರು. ಸಹಜ ಏರಿಳಿತದಿಂದ ನಿರೀಕ್ಷಿಸಬಹುದಾದದ್ದಕ್ಕಿಂತ ಎಷ್ಟೋ ಹೆಚ್ಚು ಪ್ರಭೇದಗಳು ಕಾಣೆಯಾಗಿದ್ದವು. ಆದ್ದರಿಂದ "ಕುಸಿಯಿತು" ಎಂಬುದನ್ನು ಈಗ ಧೈರ್ಯವಾಗಿ ಹೇಳಬಹುದು, ಆದರೆ ವೀಕ್ಷಣೆಯೆಂದಲ್ಲ, ಹಲವು ವೀಕ್ಷಣೆಗಳಿಂದ ಪಡೆದ ತೀರ್ಮಾನವೆಂದು.

ಉತ್ತರ 2: ಹವಾಮಾನ ಓದುಗ

ಮಂಜಿನ ವಾಕ್ಯವನ್ನು ನೀವು ಇಡಿಯಾಗಿ ಊಹೆಯ ಕಡೆಗೆ ಹಾಕಿದ್ದೀರಿ. ಅದರೊಳಗೆ ಒಂದು ವೀಕ್ಷಣೆಯೂ ಹುದುಗಿದೆ. ಬೇಸಿಗೆಯಲ್ಲಿ ಮಳೆಯೂ ಮಂಜಿನ ಹನಿಯೂ ಬೀಳದ ದಿನಗಳು 1970ರ ದಶಕದ ಮಧ್ಯದಿಂದ ಹೆಚ್ಚುತ್ತಾ ಬಂದದ್ದು ಅಲ್ಲಿನ ಮಳೆ ದಾಖಲೆಯಲ್ಲಿದೆ, ಅದು ಅಳೆದದ್ದು. ಸಮುದ್ರದ ಮೇಲ್ಮೈ ಬಿಸಿಯಾಗಿ ಮೋಡಗಳು ಬೆಟ್ಟದ ನೆತ್ತಿಗಿಂತ ಮೇಲೇರಿದವು ಎಂಬುದು 1999ರಲ್ಲಿ ಪೌಂಡ್ಸ್ ತಂಡ ಅದಕ್ಕೆ ಕೊಟ್ಟ ವಿವರಣೆ. 2001ರಲ್ಲಿ ಬೇರೊಂದು ತಂಡ, ತಗ್ಗಿನ ಬಯಲಿನ ಕಾಡು ಕಡಿದದ್ದರಿಂದಲೂ ಮೋಡಗಳು ಮೇಲೇರಬಹುದು ಎಂದಿತು. ಅಳತೆಯ ಬಗ್ಗೆ ತಕರಾರಿಲ್ಲದೆ ವಿವರಣೆ ಮಾತ್ರ ಎರಡಾಯಿತು, ಗಮನಿಸಿ.

2010ರಲ್ಲಿ ಆಂಚುಕೈಟಿಸ್ ಮತ್ತು ಇವಾನ್ಸ್ ಎಂಬ ಸಂಶೋಧಕರು ಮತ್ತಷ್ಟು ಹಿಂದಕ್ಕೆ ಹೋದರು. ಅಲ್ಲಿನ ಮರಗಳಲ್ಲಿ ವರ್ಷದ ಉಂಗುರಗಳು ಸ್ಪಷ್ಟವಾಗಿ ಮೂಡುವುದಿಲ್ಲವಾದ್ದರಿಂದ, ಮರದ ಕಾಂಡದಲ್ಲಿನ ಆಮ್ಲಜನಕದ ಐಸೋಟೋಪುಗಳನ್ನು (ಅದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳನ್ನು) ಅಳೆದು ಸುಮಾರು ಒಂದು ಶತಮಾನದ ತೇವದ ಕಥೆಯನ್ನು ಓದಿದರು. ಬೇಸಿಗೆಗಳು ಸತತವಾಗಿ ಒಣಗುತ್ತಾ ಬಂದ ಸೂಚನೆ ಅವರಿಗೆ ಸಿಗಲಿಲ್ಲ. ಆದರೆ 1986-87ರ ಎಲ್ ನಿನೋ (ಪೆಸಿಫಿಕ್ ಸಾಗರದ ನೀರು ಆಗಾಗ ಬಿಸಿಯೇರಿ ಹವೆ ಏರುಪೇರಾಗುವ ವಿದ್ಯಮಾನ) ಕಾಲದ ಬರಗಾಲ ಅಸಾಮಾನ್ಯವಾಗಿ ಕಠಿಣವಾಗಿತ್ತು. ಬರಗಾಲ ಬಂದದ್ದು ನಿಜ, ಆ ಬರಗಾಲ ಭೂಮಿ ಬಿಸಿಯಾದದ್ದರಿಂದಲೇ ಬಂತೆಂಬುದು ಬೇರೆ ಮಾತು, ಆ ಬರಗಾಲವೇ ಕಪ್ಪೆಗಳನ್ನು ಕೊಂದಿತೆಂಬುದು ಮೂರನೆಯ ಮಾತು. ದಯವಿಟ್ಟು ನಿಮ್ಮ ಸೆಮಿನಾರಿನಲ್ಲಿ ಈ ಮೂರನ್ನೂ ಒಂದೇ ವಾಕ್ಯಕ್ಕೆ ಪೋಣಿಸಬೇಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು ಸರ್. ಹಾಗಾದರೆ ಮೊಟ್ಟೆಗಳ ವಾಕ್ಯ? ಕ್ರಂಪ್ ಕಂಡ 43,500 ಮೊಟ್ಟೆಗಳಲ್ಲಿ ಒಂದು ವಾರಕ್ಕಿಂತ ಹೆಚ್ಚು ಬದುಕಿದ ಗೊದಮೊಟ್ಟೆಗಳು ಬರೀ 29 ಎಂದು ಓದಿದ್ದೇನೆ. ಇದು ಕಣ್ಣಾರೆ ಕಂಡದ್ದೇ ಆದ್ದರಿಂದ, ಅಳಿವಿಗೆ ಕಾರಣವೂ ಇಲ್ಲೇ ಸಿಕ್ಕಿತಲ್ಲವೇ?

ಉತ್ತರ 3: ಹಳೆಯ ಉಪನ್ಯಾಸಕ

ಇಲ್ಲಮ್ಮ. ಮೊಟ್ಟೆಗಳು ನಾಶವಾದದ್ದು ವೀಕ್ಷಣೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಏನನ್ನು ವಿವರಿಸುತ್ತದೆ ಎಂದು ಕೇಳಿಕೊಳ್ಳಿ. ಮೊಟ್ಟೆಗಳು ಸತ್ತರೆ ಆ ವರ್ಷ ಹೊಸ ತಲೆಮಾರು ಹುಟ್ಟುವುದಿಲ್ಲ, ಅಷ್ಟೆ. ಏಪ್ರಿಲ್‌ನಲ್ಲಿ ಗುಂಡಿಗೆ ಬಂದಿದ್ದ ಆ ಸಾವಿರದೈನೂರು ದೊಡ್ಡ ಕಪ್ಪೆಗಳು ಮರುವರ್ಷ ಎಲ್ಲಿ ಹೋದವು? ಗುಂಡಿ ಒಣಗಿದ್ದರಿಂದ ಅವು ಸಾಯಬೇಕಿಲ್ಲ. ಕಣ್ಣಿಗೆ ಕಟ್ಟುವಂತಹ ವೀಕ್ಷಣೆಯೊಂದು ಕೈಯಲ್ಲಿದ್ದಾಗ ಅದನ್ನೇ ಕಾರಣದ ಜಾಗದಲ್ಲಿ ಕೂರಿಸಿಬಿಡುವುದು ಬಹಳ ಸುಲಭ. ಈ ಪ್ರಕರಣದಲ್ಲಿ ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದೂ ಅಲ್ಲೇ.

ದೊಡ್ಡ ಕಪ್ಪೆಗಳ ಸಾವನ್ನು ವಿವರಿಸಬಲ್ಲ ಊಹೆಯೊಂದು ಕೈಟ್ರಿಡ್ ಶಿಲೀಂಧ್ರದ್ದು. ಅದು ಕಪ್ಪೆಯ ಚರ್ಮಕ್ಕೆ ತಗಲುವ ಸೋಂಕು. ಚರ್ಮದ ಮೂಲಕ ನಡೆಯುವ ಲವಣಗಳ ವಿನಿಮಯವನ್ನು ಕೆಡಿಸಿ ಕೊನೆಗೆ ಹೃದಯವನ್ನೇ ನಿಲ್ಲಿಸುತ್ತದೆ. ಕಪ್ಪೆಗಳ ಸಾವಿನೊಂದಿಗೆ ಅದರ ನಂಟು ಬೆಳಕಿಗೆ ಬಂದದ್ದು 1998ರಲ್ಲಿ, ಅಂದರೆ ಮೊಂಟೆವರ್ಡೆಯ ಕುಸಿತವಾಗಿ ಹತ್ತು ವರ್ಷಗಳಾದ ಮೇಲೆ. 1987ರಲ್ಲಿ ಯಾರೂ ಅದನ್ನು ಹುಡುಕಲಿಲ್ಲ, ಏಕೆಂದರೆ ಹುಡುಕಬೇಕಾದ್ದೇನೆಂದೇ ಯಾರಿಗೂ ಗೊತ್ತಿರಲಿಲ್ಲ. 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮ್ಯೂಸಿಯಮ್ಮುಗಳಲ್ಲಿ ಕಾಪಿಟ್ಟಿದ್ದ ಹಳೆಯ ಉಭಯಚರಗಳ ಚರ್ಮವನ್ನು ಒರೆಸಿ ಪರೀಕ್ಷಿಸಿದಾಗ, ಮೊಂಟೆವರ್ಡೆಯಲ್ಲಿ ಶಿಲೀಂಧ್ರ ಕಾಣಿಸಿಕೊಂಡ ಕಾಲವೂ ಕುಸಿತದ ಕಾಲವೂ ಹೊಂದಿಕೆಯಾದವು. ಇದು ಬಲವಾದ ಸಾಕ್ಷ್ಯ. ಆದರೂ ವೀಕ್ಷಣೆಯ ಪಟ್ಟಿಗೆ ಸೇರುವುದು "ಆ ಕಾಲದ ಮಾದರಿಗಳಲ್ಲಿ ಶಿಲೀಂಧ್ರ ಸಿಕ್ಕಿತು" ಎಂಬುದಷ್ಟೇ. "ಶಿಲೀಂಧ್ರ ಗೋಲ್ಡನ್ ಟೋಡ್‌ಗಳನ್ನು ಕೊಂದಿತು" ಎಂಬುದು ಅದಕ್ಕೆ ಹೊಂದುವ ಊಹೆ. ಬರಗಾಲದಲ್ಲಿ ಉಳಿದ ಒದ್ದೆ ಜಾಗಗಳಲ್ಲಿ ಕಪ್ಪೆಗಳು ಒತ್ತೊತ್ತಾಗಿ ಸೇರಿದ್ದರಿಂದ ಸೋಂಕು ಬೇಗ ಹರಡಿತು ಎಂದು ಎರಡನ್ನೂ ಜೋಡಿಸುವವರೂ ಇದ್ದಾರೆ.

ಇನ್ನು "ಅಳಿಯಿತು" ಎಂಬ ವಾಕ್ಯ. ಪ್ರಾಣಿಯೊಂದರ ಇಲ್ಲದಿರುವಿಕೆಯನ್ನು ಯಾರೂ ಕಾಣಲಾರರು, ಹುಡುಕಿದಾಗ ಸಿಗಲಿಲ್ಲ ಎಂದಷ್ಟೇ ದಾಖಲಿಸಬಲ್ಲರು. ಅಳಿವಿನಂಚಿನ ಜೀವಿಗಳ ಪಟ್ಟಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಈ ಕಪ್ಪೆಯನ್ನು ಅಳಿದ ಪ್ರಭೇದವೆಂದು ಸಾರಿದ್ದು 2004ರಲ್ಲಿ, ಕೊನೆಯದಾಗಿ ಕಂಡು ಹದಿನೈದು ವರ್ಷಗಳಾದ ಮೇಲೆ. ಅಷ್ಟು ಕಾಯುವುದಕ್ಕೆ ಕಾರಣವಿದೆ. ನಮ್ಮ ಪಶ್ಚಿಮ ಘಟ್ಟದಲ್ಲೇ ಚಲಾಜೋಡ್ಸ್ ಎಂಬ ಪುಟ್ಟ ಪೊದೆಗಪ್ಪೆ 136 ವರ್ಷ ಯಾರ ಕಣ್ಣಿಗೂ ಬೀಳದೆ ಇದ್ದು ಮತ್ತೆ ಸಿಕ್ಕಿತು. ಆದರೆ ಎರಡು ಪ್ರಕರಣಗಳನ್ನೂ ಒಂದೇ ತೂಕದಲ್ಲಿ ಇಡಬೇಡಿ: ಘಟ್ಟದಲ್ಲಿ ಅದನ್ನೇ ಅರಸಿ ಹೋದವರು ಅಪರೂಪ, ಮೊಂಟೆವರ್ಡೆಯಲ್ಲಾದರೋ ಗೊತ್ತಿದ್ದ ಗುಂಡಿಗಳಿಗೇ ಗೊತ್ತಿದ್ದ ಕಾಲದಲ್ಲಿ ವರ್ಷವರ್ಷವೂ ಹೋಗಿ ನೋಡಿದ್ದಾರೆ. ಸಿಗಲಿಲ್ಲ ಎಂದು ಬರೆಯುವಾಗ ಎಲ್ಲಿ, ಯಾವಾಗ, ಹೇಗೆ ಹುಡುಕಿದರು ಎಂಬುದನ್ನೂ ಅದರ ಪಕ್ಕದಲ್ಲೇ ಬರೆಯಿರಿ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯಿತು ಸರ್. ಪಟ್ಟಿಯನ್ನು ಮೂರು ಭಾಗ ಮಾಡಿಕೊಳ್ಳುತ್ತಿದ್ದೇನೆ: ಕಂಡದ್ದು ಮತ್ತು ಅಳೆದದ್ದು, ಅದರಿಂದ ತೀರ್ಮಾನಿಸಿದ್ದು, ಕಾರಣವೆಂದು ಊಹಿಸಿದ್ದು. ಪ್ರತಿಯೊಂದು ಊಹೆಯ ಎದುರಿಗೆ, ಅದು ದೊಡ್ಡ ಕಪ್ಪೆಗಳ ಸಾವನ್ನು ವಿವರಿಸುತ್ತದೆಯೇ, ಹಾರ್ಲೆಕ್ವಿನ್ ಕಪ್ಪೆಯ ಕಣ್ಮರೆಯನ್ನೂ ವಿವರಿಸುತ್ತದೆಯೇ ಎಂದು ಬರೆಯುತ್ತೇನೆ.