ಅಪ್‌ಡೇಟ್: ಟೂಸಾನ್‌ನಲ್ಲಿ ಎರಡು ದಿನದ ಊಟ

ಅರಿಜೋನಾದ ಟೂಸಾನ್‌ನಲ್ಲಿ ಎರಡು ದಿನ ಎಲ್ಲಿ ತಿನ್ನೋದು, ಜೊತೆಗೊಬ್ಬರು ಸಸ್ಯಾಹಾರಿ ಇದ್ದಾರೆ ಅಂತ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ. ಮುಂದೆ ಹೋಗೋರಿಗೆ ಇದು ಇರಲಿ.

ಸೊನೋರನ್ ಹಾಟ್ ಡಾಗ್‌ಗೆ ಎಲ್ ಗ್ವೆರೋ ಕನೆಲೋ ಅನ್ನೋ ಹೋಟೆಲ್. ಬೇಕನ್ (ಹಂದಿಮಾಂಸದ ತೆಳು ಪಟ್ಟಿ) ಸುತ್ತಿ ಬೇಯಿಸಿದ ಸಾಸೇಜ್, ಅದರ ಮೇಲೆ ಪಿಂಟೋ ಬೀನ್ಸ್ ಕಾಳು, ಈರುಳ್ಳಿ, ಟೊಮೆಟೊ, ಮಯೋನೀಸ್, ಸಾಸಿವೆ ಸಾಸ್, ಹಲಪೆನ್ಯೋ ಮೆಣಸಿನಕಾಯಿ ಸಾಲ್ಸಾ. ಮೆತ್ತನೆ ಬನ್ನನ್ನು ಮೇಲ್ಗಡೆ ಮಾತ್ರ ಸೀಳಿರುತ್ತಾರೆ, ಎರಡೂ ತುದಿ ಮುಚ್ಚಿರುತ್ತೆ. ಅದಕ್ಕೇ ಇಷ್ಟೆಲ್ಲ ಸೋರದೆ ನಿಲ್ಲೋದು. ಪಾರ್ಸೆಲ್ ಬೇಡ, ಬನ್ನು ನೆನೆದು ಒಡೆಯುತ್ತೆ.

1922ರಲ್ಲಿ ಶುರುವಾದ ಎಲ್ ಚಾರೋ ಹೋಟೆಲ್‌ನಲ್ಲಿ ಕಾರ್ನೆ ಸೆಕಾ, ಅಂದರೆ ಒಣಮಾಂಸ. ನಮ್ಮಲ್ಲಿ ಸಂಡಿಗೆ ಒಣಗಿಸಿದ ಹಾಗೆ ಛಾವಣಿ ಮೇಲೆ ಬಿಸಿಲಿಗೆ ಒಣಗಿಸಿದ್ದು. ದನದ ಮಾಂಸ, ಗೊತ್ತಿರಲಿ.

ಸಸ್ಯಾಹಾರಿಗಳು ಮೋಸ ಹೋಗೋದು ಬೀನ್ಸ್‌ನಲ್ಲೇ. ಅರೆದು ಹುರಿದ ಬೀನ್ಸ್‌ಗೂ ಗೋಧಿ ಟೋರ್ಟಿಯಾಗೂ (ತೆಳು ರೊಟ್ಟಿ) ಹಂದಿಕೊಬ್ಬು ಹಾಕೋದು ಹಳೇ ರೂಢಿ. "ಮಾಂಸ ಇದೆಯಾ" ಅಂದರೆ ಇಲ್ಲ ಅಂತಾರೆ, ಅದು ಸುಳ್ಳೂ ಅಲ್ಲ! "ಮಂತೇಕಾ ಇದೆಯಾ" ಅಂತಲೇ ಕೇಳಿ. ಹಂದಿಕೊಬ್ಬಿಗೆ ಅಲ್ಲಿನ ಸ್ಪ್ಯಾನಿಷ್ ಹೆಸರು ಅದು. ಮೆಕ್ಕೆಜೋಳದ ಟೋರ್ಟಿಯಾದಲ್ಲಿ ಸಾಮಾನ್ಯವಾಗಿ ಮೆಕ್ಕೆಜೋಳ, ಸುಣ್ಣ, ನೀರು ಅಷ್ಟೆ.

ಮನೆಗೆ ತರೋದಾದರೆ ಅಲ್ಲಿನ ಮೂಲನಿವಾಸಿಗಳಾದ ತೊಹೊನೊ ಓಧಮ್ ಜನರ ಟೆಪರಿ ಕಾಳು. ರಾತ್ರಿಯಿಡೀ ನೆನೆಸಿ. ಬೇಯೋಕೆ ಅಲಸಂದೆಗಿಂತ ಬಹಳ ಹೊತ್ತು ಬೇಕು.